ಆನ್‌ಲೈನ್ ಕೋರ್ಸಿನಲ್ಲಿ ಒಟ್ಟಿಗೆ ಕೂತು ಲೆಕ್ಕ ಬಿಡಿಸುವುದು: ಬೆಂಗಳೂರಿನ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ವಿಡಿಯೋ ನೋಡುವುದು ಸುಲಭ. ವಾರದ ಅಸೈನ್‌ಮೆಂಟ್ ತೆರೆದಾಗ ಕಷ್ಟ ಶುರುವಾಗುತ್ತದೆ. ಪಕ್ಕದ ಬೆಂಚಿನವರನ್ನು ಕೇಳೋಣ ಅಂದರೆ ಪಕ್ಕದಲ್ಲಿ ಬೆಂಚೇ ಇಲ್ಲ. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ತಾಣ ಸ್ವಯಂ, ಐಐಟಿಗಳು ಸೇರಿ ನಡೆಸುವ ಎನ್‌ಪಿಟೆಲ್, ಇವುಗಳ ಕೋರ್ಸು ತೆಗೆದುಕೊಂಡ ಕಾಲೇಜು ಹುಡುಗ ಹುಡುಗಿಯರು, ಕೆಲಸದ ಜೊತೆಗೆ ಆನ್‌ಲೈನ್ ಡಿಗ್ರಿ ಮಾಡುತ್ತಿರುವವರು, ಮಕ್ಕಳನ್ನು ಮಲಗಿಸಿ ಲ್ಯಾಪ್‌ಟಾಪ್ ತೆರೆಯುವ ತಾಯಂದಿರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಗಣಿತ, ಸಂಖ್ಯಾಶಾಸ್ತ್ರ, ಪ್ರೋಗ್ರಾಮಿಂಗ್ ಬಗ್ಗೆಯೇ ಜಾಸ್ತಿ ಇದೆ. ಜನ ಸಿಕ್ಕಿಹಾಕಿಕೊಳ್ಳುವುದೂ ಅಲ್ಲೇ ಜಾಸ್ತಿ.

ನನಗೆ ಒಬ್ಬನೇ ಓದಿ ಅಭ್ಯಾಸ. ಗುಂಪು ನಿಜವಾಗಿಯೂ ಬೇಕಾ?

ಒಬ್ಬರೇ ಓದುವುದು ಬೇಕೇ ಬೇಕು. ಅಲ್ಲಿಗೇ ನಿಲ್ಲಿಸಿದರೆ ಮಾತ್ರ ತೊಂದರೆ.

1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತದ ಸಂಶೋಧನಾ ವಿದ್ಯಾರ್ಥಿ ಒಂದು ವಿಚಿತ್ರ ಗಮನಿಸಿದರು. ಕ್ಯಾಲ್ಕುಲಸ್‌ನಲ್ಲಿ ಚೀನೀ ಮೂಲದ ವಿದ್ಯಾರ್ಥಿಗಳು ಚೆನ್ನಾಗಿ ಪಾಸಾಗುತ್ತಿದ್ದರು. ಕಪ್ಪು ಜನಾಂಗದ ವಿದ್ಯಾರ್ಥಿಗಳಲ್ಲಿ ಬಹಳ ಜನ ಫೇಲಾಗುತ್ತಿದ್ದರು. ಆಸಕ್ತಿ ಇಲ್ಲ, ಮನೆಯಲ್ಲಿ ಪ್ರೋತ್ಸಾಹ ಇಲ್ಲ, ಬಡತನ ಎಂದೆಲ್ಲ ಅಧ್ಯಾಪಕರು ಕಾರಣ ಹೇಳುತ್ತಿದ್ದರು. ಟ್ರೈಸ್‌ಮನ್ ಆ ವಿದ್ಯಾರ್ಥಿಗಳ ಹಿಂದೆಯೇ ಓಡಾಡಿ, ಅವರು ಹೇಗೆ ಓದುತ್ತಾರೆ ಎಂದು ನೋಡಿದರು. ಅಧ್ಯಾಪಕರು ಹೇಳಿದ ಕಾರಣಗಳು ಯಾವುವೂ ನಿಲ್ಲಲಿಲ್ಲ. ಕಪ್ಪು ಜನಾಂಗದ ವಿದ್ಯಾರ್ಥಿಗಳು ಕಷ್ಟಪಟ್ಟು ಓದುತ್ತಿದ್ದರು, ಆದರೆ ಒಂಟಿಯಾಗಿ. ಚೀನೀ ಮೂಲದವರು ಮೊದಲು ತಾವೇ ಲೆಕ್ಕ ಮಾಡುತ್ತಿದ್ದರು. ಆಮೇಲೆ ಒಟ್ಟಿಗೆ ಸೇರಿ ಒಬ್ಬರ ಉತ್ತರ ಇನ್ನೊಬ್ಬರು ನೋಡುತ್ತಿದ್ದರು.

ಯಾವುದೋ ಲೆಕ್ಕ ಯಾರಿಗೂ ಬರಲಿಲ್ಲ ಅಂದರೆ, ಲೆಕ್ಕವೇ ಕಷ್ಟದ್ದು ಎಂದು ಅವರಿಗೆ ಗೊತ್ತಾಗುತ್ತಿತ್ತು. ಒಂಟಿಯಾಗಿ ಓದುವವನಿಗೆ ಅದೇ ಲೆಕ್ಕ ಬಾರದಿದ್ದರೆ ತನಗೇ ತಲೆ ಇಲ್ಲ ಅನಿಸುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಪಿಜಿ ರೂಮಿನಲ್ಲಿ ಕೂತು ಕೋರ್ಸನ್ನೇ ಬಿಟ್ಟುಬಿಡೋಣ ಅನ್ನಿಸಿದವರಿಗೆ ಇದು ಚೆನ್ನಾಗಿ ಗೊತ್ತು, ಅಲ್ವಾ?

ನಮ್ಮ ಗುಂಪಿನಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲ. ಸುಮ್ನೆ ಮಾತಾಡಿ ಏನು ಪ್ರಯೋಜನ?

ಬಹಳ ಇದೆ. ಒಂದು ಲೆಕ್ಕ ಹಿಡಿದೇ ನೋಡೋಣ.

ಪೀಣ್ಯದಲ್ಲಿ ಬೋಲ್ಟು ಮಾಡುವ ಒಂದು ಕಾರ್ಖಾನೆ ಇದೆ ಅಂದುಕೊಳ್ಳಿ. ಅಲ್ಲಿ ಎರಡು ಮಷೀನು. ಒಟ್ಟು ಬೋಲ್ಟುಗಳಲ್ಲಿ ಶೇ 60 ಮೊದಲ ಮಷೀನಿನದು, ಶೇ 40 ಎರಡನೆಯದರದ್ದು. ಮೊದಲ ಮಷೀನಿನ ಬೋಲ್ಟುಗಳಲ್ಲಿ ಶೇ 2 ಕೆಟ್ಟಿರುತ್ತವೆ, ಎರಡನೆಯದರಲ್ಲಿ ಶೇ 5. ರಾಶಿಯಿಂದ ಒಂದು ಬೋಲ್ಟು ಎತ್ತಿದಿರಿ. ಅದು ಕೆಟ್ಟದ್ದು. ಅದು ಎರಡನೇ ಮಷೀನಿನಿಂದ ಬಂದಿರುವ ಸಂಭವ ಎಷ್ಟು?

ಮೂವರು ಕೂತಿದ್ದಾರೆ. ಮಾತು ಸುಮಾರು ಹೀಗೆ ಹೋಗುತ್ತದೆ.

"ಶೇ 5 ಕಣೋ. ಪ್ರಶ್ನೆಯಲ್ಲೇ ಕೊಟ್ಟಿದ್ದಾರಲ್ಲ."

"ಇಲ್ಲ ಮಗಾ, ಶೇ 40. ಆ ಮಷೀನು ಮಾಡೋದೇ ಅಷ್ಟು."

"ಬೇಸ್ ಸೂತ್ರ ಹಾಕಬೇಕು ಅಂತ ಗೊತ್ತು. ಮೇಲೆ ಯಾವುದು, ಕೆಳಗೆ ಯಾವುದು ಅಂತ ಮರೆತುಹೋಗಿದೆ."

(ಬೇಸ್ ಸೂತ್ರ ಅಂದರೆ ಫಲಿತಾಂಶ ನೋಡಿ ಕಾರಣದ ಸಂಭವ ಲೆಕ್ಕ ಹಾಕುವ Bayes ಸೂತ್ರ.) ಮೂರೂ ಉತ್ತರವಲ್ಲ. ಆಗ ಎರಡನೆಯವಳು ಕೇಳುತ್ತಾಳೆ: "ಶೇ 5 ಅಂದರೆ ಯಾವುದರಲ್ಲಿ 5? ಎರಡನೇ ಮಷೀನಿನ ನೂರು ಬೋಲ್ಟು ತಗೊಂಡರೆ ಅದರಲ್ಲಿ ಐದು ಕೆಟ್ಟದ್ದು, ಅಷ್ಟೇ ತಾನೇ? ನಮಗೆ ಬೇಕಿರೋದು ಕೆಟ್ಟ ಬೋಲ್ಟುಗಳಲ್ಲಿ ಎಷ್ಟು ಆ ಮಷೀನಿಂದು ಅಂತ." ಮೊದಲನೆಯವನು ತಲೆ ಕೆರೆದುಕೊಂಡು, "ಹಾಗಾದರೆ ಸಾವಿರ ಬೋಲ್ಟು ಅಂತ ಇಟ್ಟುಕೊಳ್ಳೋಣ" ಅನ್ನುತ್ತಾನೆ. ಮೊದಲ ಮಷೀನಿನವು 600, ಅದರಲ್ಲಿ ಕೆಟ್ಟವು 12. ಎರಡನೆಯದರವು 400, ಕೆಟ್ಟವು 20. ಒಟ್ಟು ಕೆಟ್ಟವು 32. ಅದರಲ್ಲಿ 20, ಅಂದರೆ ಶೇ 62.5. ಮೂರನೆಯವನು ಈಗ ಸೂತ್ರ ತೆಗೆದು ನೋಡುತ್ತಾನೆ: ಮೇಲೆ 20, ಕೆಳಗೆ 32 ಬರುವ ಹಾಗೆಯೇ ಅದು ಇದೆ.

ಉತ್ತರ ಯಾರ ಜೇಬಿನಲ್ಲೂ ಇರಲಿಲ್ಲ. ಶೇ 5 ಎಂದು ತಪ್ಪಾಗಿ ಹೇಳಿದವನು ಬಾಯಿ ಮುಚ್ಚಿಕೊಂಡಿದ್ದರೆ "ಯಾವುದರಲ್ಲಿ 5" ಎಂಬ ಪ್ರಶ್ನೆಯೇ ಬರುತ್ತಿರಲಿಲ್ಲ.

ಇದನ್ನು ಅಳೆದೂ ನೋಡಿದ್ದಾರೆ. ಹಾರ್ವರ್ಡ್‌ನ ಭೌತಶಾಸ್ತ್ರದ ಪ್ರೊಫೆಸರ್ ಎರಿಕ್ ಮಜೂರ್ 1990ರ ದಶಕದ ಆರಂಭದಿಂದ ಕ್ಲಾಸಿನಲ್ಲಿ ಹೀಗೆ ಮಾಡುತ್ತಿದ್ದರು: ಪ್ರಶ್ನೆ ಕೊಡುವುದು, ಒಬ್ಬೊಬ್ಬರೂ ಉತ್ತರ ಆರಿಸುವುದು, ಪಕ್ಕದವರ ಜೊತೆ ವಾದಿಸುವುದು, ಮತ್ತೆ ಆರಿಸುವುದು. ಎರಡನೇ ಸಲ ಸರಿ ಉತ್ತರ ಹೆಚ್ಚುತ್ತಿತ್ತು. ಬುದ್ಧಿವಂತನ ಉತ್ತರ ಉಳಿದವರು ಕಾಪಿ ಹೊಡೆದಿರಬೇಕು ಎಂಬ ಅನುಮಾನ ಬರುವುದು ಸಹಜ. ಅದಕ್ಕೇ 2009ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ತಂಡವೊಂದು ಚರ್ಚೆ ಮುಗಿದ ಮೇಲೆ ಅದೇ ತತ್ತ್ವದ ಬೇರೆ ಪ್ರಶ್ನೆಯನ್ನು ಒಬ್ಬೊಬ್ಬರಿಗೇ ಕೊಟ್ಟು ನೋಡಿತು. ಆಗಲೂ ವಿದ್ಯಾರ್ಥಿಗಳು ಚೆನ್ನಾಗಿ ಮಾಡಿದರು. ಶುರುವಿನಲ್ಲಿ ಯಾರಿಗೂ ಸರಿ ಉತ್ತರ ಗೊತ್ತಿಲ್ಲದ ಗುಂಪಿನವರೂ ಸುಧಾರಿಸಿದ್ದರು.

ಗುಂಪಿನಲ್ಲಿ ಎಷ್ಟು ಜನ ಇರಬೇಕು?

ಮೂವರಿಂದ ಐವರು. ಇಬ್ಬರಿದ್ದರೆ ಒಬ್ಬರಿಗೆ ನೈಟ್ ಶಿಫ್ಟ್ ಬಿದ್ದ ದಿನ ಗುಂಪೇ ಇಲ್ಲ. ಆರು ದಾಟಿದರೆ ಇಬ್ಬರು ಮಾತಾಡುತ್ತಾರೆ, ಉಳಿದವರು ಮ್ಯೂಟ್ ಮಾಡಿಕೊಂಡು ಊಟ ಮಾಡುತ್ತಾರೆ.

ಜನ ಹೆಚ್ಚಾದಂತೆ ಒಬ್ಬೊಬ್ಬರ ಶ್ರಮ ಇಳಿಯುವುದು ಹಳೆಯ ಸಂಗತಿ. ಫ್ರಾನ್ಸಿನ ಇಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಜನರಿಂದ ಹಗ್ಗ ಎಳೆಸಿ ಇದನ್ನು ಅಳೆದಿದ್ದರು. 1913ರಲ್ಲಿ ಬರೆದ ವರದಿಯಲ್ಲಿ, ಗುಂಪು ದೊಡ್ಡದಾದಷ್ಟೂ ತಲಾ ಎಳೆತ ಕಡಿಮೆಯಾಗುತ್ತದೆ ಎಂದು ತೋರಿಸಿದರು. ಇನ್ನೂರು ಜನರ ವಾಟ್ಸಾಪ್ ಗ್ರೂಪಿನಲ್ಲಿ ನಿಮ್ಮ ಪ್ರಶ್ನೆಗೆ ಯಾಕೆ ಯಾರೂ ಉತ್ತರ ಕೊಡಲಿಲ್ಲ ಎಂದು ಈಗ ಅರ್ಥವಾಗಿರಬೇಕು. ಬೇರೆ ಯಾರಾದರೂ ಹೇಳುತ್ತಾರೆ ಎಂದು ಪ್ರತಿಯೊಬ್ಬರೂ ಸುಮ್ಮನಿದ್ದರು.

ದೊಡ್ಡ ಗ್ರೂಪ್ ಬೇಡ ಎಂದಲ್ಲ. ಡೆಡ್‌ಲೈನ್, ಹಾಲ್ ಟಿಕೆಟ್, ಲಿಂಕು ಹಂಚಲು ಅದು ಇರಲಿ. ಲೆಕ್ಕ ಬಿಡಿಸಲು ಸಣ್ಣದು ಬೇರೆ ಮಾಡಿಕೊಳ್ಳಿ.

ಜೊತೆಗಾರರನ್ನು ಎಲ್ಲಿ ಹುಡುಕಲಿ?

ಮೊದಲು ಕೋರ್ಸಿನ ಒಳಗೇ ನೋಡಿ. ಎನ್‌ಪಿಟೆಲ್ ಕೋರ್ಸುಗಳಲ್ಲಿ ಚರ್ಚೆಗೆಂದೇ ಜಾಗ ಇರುತ್ತದೆ, ಅಲ್ಲಿ ಟೀಚಿಂಗ್ ಅಸಿಸ್ಟೆಂಟ್‌ಗಳೂ ಉತ್ತರ ಕೊಡುತ್ತಾರೆ. ಐಐಟಿ ಮದ್ರಾಸ್ 2020ರಲ್ಲಿ ಶುರು ಮಾಡಿದ ಡೇಟಾ ಸೈನ್ಸ್ ಆನ್‌ಲೈನ್ ಡಿಗ್ರಿಯಲ್ಲಿ ವಿದ್ಯಾರ್ಥಿಗಳನ್ನು ದೇಶದ ಕಾಡುಗಳ ಹೆಸರಿನ ಹೌಸ್‌ಗಳಾಗಿ ಹಂಚುತ್ತಾರೆ. ನಮ್ಮ ಬಂಡೀಪುರದ ಹೆಸರಿನಲ್ಲೂ ಒಂದು ಹೌಸ್ ಇದೆ. ಹೌಸ್‌ನಲ್ಲಿ ಪರಿಚಯವಾದವರಿಂದಲೇ ಮೂರು ನಾಲ್ಕು ಜನರ ಗುಂಪು ಕಟ್ಟಿಕೊಳ್ಳುವುದು ಸುಲಭ.

ಕಾಲೇಜಿನ ಮೂಲಕ ಸ್ವಯಂ ಕೋರ್ಸು ತೆಗೆದುಕೊಂಡವರಿಗೆ ಇನ್ನೂ ಸುಲಭ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ ಸ್ವಯಂ ಮೂಲಕ ಮಾಡಲು ಅವಕಾಶ ಕೊಟ್ಟಿದೆ. ಹಾಗಾಗಿ ನಿಮ್ಮ ಕ್ಲಾಸಿನಲ್ಲೇ ಅದೇ ಕೋರ್ಸು ತೆಗೆದುಕೊಂಡವರು ಇರುವ ಸಾಧ್ಯತೆ ಹೆಚ್ಚು. ಕ್ಲಾಸ್ ರೆಪ್ ಅನ್ನು ಕೇಳಿ.

"ಯಾರಾದರೂ ಸ್ಟಡಿ ಗ್ರೂಪ್ ಸೇರುತ್ತೀರಾ?" ಎಂದು ಬರೆದರೆ ಐವತ್ತು ಜನ ಕೈ ಎತ್ತುತ್ತಾರೆ, ಯಾರೂ ಬರುವುದಿಲ್ಲ. "ಮೂರನೇ ವಾರದ ನಾಲ್ಕನೇ ಲೆಕ್ಕ, ಇವತ್ತು ರಾತ್ರಿ 9:30ಕ್ಕೆ, ಮೂವರು ಸಾಕು" ಎಂದು ಬರೆಯಿರಿ. ಆಗ ಬರುವವರು ನಿಜವಾಗಿ ಬೇಕಾದವರು.

ಬೆಂಗಳೂರಿನಲ್ಲೇ ಇದ್ದೇವೆ. ಎದುರೆದುರು ಭೇಟಿಯಾದರೆ ಒಳ್ಳೆಯದಾ?

ಆದರೆ ಚೆಂದ. ಆದರೆ ಎಲೆಕ್ಟ್ರಾನಿಕ್ ಸಿಟಿಯವರು, ಯಲಹಂಕದವರು ವಾರವಾರವೂ ಸೇರುತ್ತೇವೆ ಎಂದು ಲೆಕ್ಕ ಹಾಕಿಕೊಂಡರೆ ಗುಂಪು ಒಂದು ತಿಂಗಳಲ್ಲಿ ಮುಗಿಯುತ್ತದೆ. ಈ ಊರಿನ ಟ್ರಾಫಿಕ್ ಎಂಥ ಗೆಳೆತನವನ್ನೂ ಪರೀಕ್ಷೆ ಮಾಡುತ್ತದೆ. ವಾರಕ್ಕೊಮ್ಮೆ ಆನ್‌ಲೈನ್, ತಿಂಗಳಿಗೊಮ್ಮೆ ಮೆಟ್ರೋ ಇರುವ ಕಡೆ ಭೇಟಿ ಸಾಕು. ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಪರ್ಪಲ್ ಲೈನ್ ಇದೆ, ಗ್ರೀನ್ ಲೈನಿನವರು ಮೆಜೆಸ್ಟಿಕ್‌ನಲ್ಲಿ ಬದಲಾಯಿಸಬಹುದು. ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನ ಮರದ ಕೆಳಗೆ ಕೂತರೆ ಯಾರೂ ಎಬ್ಬಿಸುವುದಿಲ್ಲ. ಅಲ್ಲೇ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಒಬ್ಬೊಬ್ಬರೇ ಓದಲು ಅದು ಸರಿ, ವಾದ ಮಾಡಲು ಅಲ್ಲ. ದರ್ಶಿನಿಯಲ್ಲಿ ಕೂರಲು ಜಾಗವೇ ಇರುವುದಿಲ್ಲ. ನಿಂತುಕೊಂಡು ಇಂಟಿಗ್ರೇಷನ್ ಮಾಡುವ ಶಕ್ತಿ ಇದ್ದವರು ಪ್ರಯತ್ನಿಸಬಹುದು.

ಒಂದು ಗಂಟೆಯ ಮೀಟಿಂಗ್ ಹೇಗೆ ನಡೆಸಬೇಕು?

ಖಾಲಿ ಕೈಯಲ್ಲಿ ಬರಬಾರದು. ಇದೊಂದನ್ನು ಬಿಟ್ಟುಕೊಡಬೇಡಿ. ಪ್ರತಿಯೊಬ್ಬರೂ ಮೊದಲೇ ಅಸೈನ್‌ಮೆಂಟಿಗೆ ಕೈಹಾಕಿ, ಎಲ್ಲಿ ನಿಂತೆ ಎಂಬುದನ್ನಾದರೂ ಬರೆದು ತರಬೇಕು. ಪೂರ್ತಿ ಬಾರದಿದ್ದರೂ ಪರವಾಗಿಲ್ಲ.

ಶುರುವಿನಲ್ಲಿ ಎಲ್ಲರೂ ತಮ್ಮ ಉತ್ತರವನ್ನು ಒಟ್ಟಿಗೇ ಚಾಟ್‌ನಲ್ಲಿ ಹಾಕಿ. "ಒಂದು, ಎರಡು, ಮೂರು" ಎಂದು ಎಣಿಸಿ ಎಂಟರ್ ಒತ್ತುವುದು. ಇದು ಮಕ್ಕಳಾಟದ ಹಾಗೆ ಕಾಣಬಹುದು, ಆದರೆ ಬಹಳ ಕೆಲಸ ಮಾಡುತ್ತದೆ. ಒಬ್ಬರಾದ ಮೇಲೆ ಒಬ್ಬರು ಹೇಳಿದರೆ, ಮೊದಲು ಹೇಳಿದವರ ಉತ್ತರವನ್ನೇ ಉಳಿದವರು ಒಪ್ಪಿಬಿಡುತ್ತಾರೆ.

ಎಲ್ಲರದ್ದೂ ಒಂದೇ ಬಂದ ಲೆಕ್ಕವನ್ನು ಬೇಗ ದಾಟಿ. ಬೇರೆ ಬೇರೆ ಬಂದದ್ದರಲ್ಲಿ ಕೂರಿ. ಅಲ್ಲಿ ಪೆನ್ನು ಹಿಡಿಯುವವರು ಉತ್ತರ ಗೊತ್ತಿರುವವರಾಗಿರಬಾರದು. ಅರ್ಥವಾಗದವರು ಬೋರ್ಡಿನ ಮೇಲೆ ಬರೆಯಲಿ, ಗೊತ್ತಿರುವವರು ಬಾಯಲ್ಲಿ ಮಾತ್ರ ಹೇಳಲಿ. ನಿಧಾನವಾಗುತ್ತದೆ. ಆದರೂ ಹೀಗೇ ಮಾಡಿ.

ಮೀಟಿಂಗ್ ಮುಗಿದ ಮೇಲೆ ಬರೆದದ್ದನ್ನು ಮುಚ್ಚಿಟ್ಟು, ಮಾರನೇ ದಿನ ಒಬ್ಬರೇ ಅದೇ ಲೆಕ್ಕವನ್ನು ಮೊದಲಿನಿಂದ ಬರೆಯಿರಿ. ಅರ್ಧಕ್ಕೆ ನಿಂತರೆ, ಗುಂಪಿನಲ್ಲಿ ತಲೆ ಆಡಿಸಿದ್ದು ಬರೀ ಸೌಜನ್ಯಕ್ಕೆ ಎಂದಾಯಿತು.

ಎಲ್ಲಿಯವರೆಗೆ ಚರ್ಚೆ, ಎಲ್ಲಿಂದ ಕಾಪಿ?

ಪ್ರಶ್ನೆ ಏನು ಕೇಳುತ್ತಿದೆ, ಯಾವ ಪರಿಕಲ್ಪನೆ ಬೇಕು, ಇಂಥದ್ದೇ ಬೇರೆ ಲೆಕ್ಕ ಹೇಗೆ ಮಾಡುವುದು, ನನ್ನ ದಾರಿಯಲ್ಲಿ ಎಲ್ಲಿ ತಪ್ಪಿದೆ: ಇವೆಲ್ಲ ಚರ್ಚೆ. "ಐದನೆಯದಕ್ಕೆ ಬಿ ಹಾಕು" ಎನ್ನುವುದು ಕಾಪಿ. ಇನ್ನೊಬ್ಬರ ಕೋಡ್ ತೆಗೆದುಕೊಂಡು ವೇರಿಯಬಲ್ ಹೆಸರು ಬದಲಾಯಿಸುವುದೂ ಕಾಪಿಯೇ.

ಇಷ್ಟಕ್ಕೂ ಮೊದಲು ನಿಮ್ಮ ಕೋರ್ಸಿನ ನಿಯಮ ಓದಿ. ಕೆಲವು ಕಡೆ ಮಾರ್ಕಿಗೆ ಸೇರುವ ಅಸೈನ್‌ಮೆಂಟನ್ನು ಡೆಡ್‌ಲೈನ್‌ಗೆ ಮುಂಚೆ ಚರ್ಚಿಸುವಂತೆಯೇ ಇಲ್ಲ. ಅಂಥಲ್ಲಿ ಗುಂಪು ಅಭ್ಯಾಸದ ಲೆಕ್ಕಗಳ ಮೇಲೆ ಕೂರಲಿ, ಅಸೈನ್‌ಮೆಂಟನ್ನು ಡೆಡ್‌ಲೈನ್ ಮುಗಿದ ಮೇಲೆ ಬಿಚ್ಚಲಿ. ಅನುಮಾನವಿದ್ದರೆ ಕೋರ್ಸಿನವರನ್ನೇ ಕೇಳಿ, ಗುಂಪಿನ ಹಿರಿಯಣ್ಣನನ್ನಲ್ಲ.

ಆದರೆ ಟೆಲಿಗ್ರಾಂನಲ್ಲಿ ಎಲ್ಲಾ ಉತ್ತರ ಸಿಗುತ್ತದೆ. ಎಲ್ಲರೂ ಅದನ್ನೇ ಹಾಕುತ್ತಾರೆ. ನಾನೊಬ್ಬ ಯಾಕೆ ಒದ್ದಾಡಲಿ?

ಲೆಕ್ಕ ಹಾಕಿ ನೋಡಿ. ಎನ್‌ಪಿಟೆಲ್ ಕೋರ್ಸಿನಲ್ಲಿ ಸಾಮಾನ್ಯವಾಗಿ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ. ಸರ್ಟಿಫಿಕೇಟ್ ಸಿಗಲು 25ಕ್ಕೆ 10 ಮತ್ತು 75ಕ್ಕೆ 30 ಎರಡೂ ಬೇಕು. 12 ವಾರದ ಕೋರ್ಸಿನಲ್ಲಿ ಅತ್ಯುತ್ತಮ 8 ಅಸೈನ್‌ಮೆಂಟುಗಳ ಸರಾಸರಿ ಮಾತ್ರ ತೆಗೆದುಕೊಳ್ಳುತ್ತಾರೆ. ಅಂದರೆ ನಾಲ್ಕು ವಾರ ಪೂರ್ತಿ ಎಡವಿದರೂ ನಡೆಯುತ್ತದೆ. ತಪ್ಪು ಮಾಡಲು ಇಷ್ಟು ಜಾಗ ಕೊಟ್ಟಿರುವಾಗ ಕದ್ದ ಉತ್ತರ ಹಾಕಿ ಉಳಿಸುವುದೇನು? ಪರೀಕ್ಷೆಗೆ ಸೆಂಟರಿಗೆ ಹೋಗಿ, ಮೇಲ್ವಿಚಾರಕರ ಕಣ್ಣೆದುರು ಒಬ್ಬರೇ ಕೂರಬೇಕು. ಅಲ್ಲಿ ಟೆಲಿಗ್ರಾಂ ಇಲ್ಲ.

ಇನ್ನೂ ಒಂದು ಮಾತು. ಆ ಉತ್ತರಗಳಲ್ಲಿ ಎಷ್ಟೋ ತಪ್ಪಿರುತ್ತವೆ. ಇಡೀ ಗ್ರೂಪು ಒಂದೇ ತಪ್ಪನ್ನು ಶಿಸ್ತಾಗಿ ಹಾಕಿರುತ್ತದೆ.

ಪ್ರಶ್ನೆ ಕೇಳಿದರೂ ಯಾರೂ ಉತ್ತರಿಸುವುದಿಲ್ಲ. ಹೇಗೆ ಕೇಳಬೇಕು?

"ಕೋಡ್ ವರ್ಕ್ ಆಗ್ತಿಲ್ಲ, ಹೆಲ್ಪ್" ಎಂದರೆ ಯಾರು ಏನು ಹೇಳಿಯಾರು? ಏನು ಮಾಡಲು ಹೊರಟಿರಿ, ಏನು ಬರಬೇಕಿತ್ತು, ಏನು ಬಂತು, ಈಗಾಗಲೇ ಏನೇನು ನೋಡಿದಿರಿ ಎಂದು ಬರೆಯಿರಿ. ಎರರ್ ಮೆಸೇಜನ್ನು ಪೂರ್ತಿ ಹಾಕಿ. ಇನ್ನೂರು ಸಾಲಿನ ಕೋಡ್ ಬೇಡ. ತೊಂದರೆ ಉಳಿಯುವ ಹಾಗೆ ಕತ್ತರಿಸುತ್ತಾ ಹೋಗಿ, ಹತ್ತು ಸಾಲಿಗೆ ಇಳಿಸಿ. ಕತ್ತರಿಸುವಾಗಲೇ ಅರ್ಧ ಸಲ ತಪ್ಪು ನಿಮಗೇ ಕಾಣುತ್ತದೆ. ಪ್ರೋಗ್ರಾಮರ್‌ಗಳು ಮೇಜಿನ ಮೇಲೆ ರಬ್ಬರ್ ಬಾತುಕೋಳಿ ಇಟ್ಟುಕೊಂಡು ಅದಕ್ಕೆ ಕೋಡ್ ವಿವರಿಸುವುದು ಇದೇ ಕಾರಣಕ್ಕೆ. ಬಾತುಕೋಳಿ ಏನೂ ಹೇಳುವುದಿಲ್ಲ, ವಿವರಿಸುತ್ತಾ ನಿಮಗೇ ಹೊಳೆಯುತ್ತದೆ.

ಕೈಬರಹದ ಫೋಟೋ ಕಳಿಸುವಾಗ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಚಿತ್ರ ಕುಗ್ಗಿ, ಮೇಲಿರುವ ಘಾತಾಂಕ 3 ಆ 8 ಆ ಎಂದು ಅದರ ಮೇಲೇ ಚರ್ಚೆಯಾಗುತ್ತದೆ.

ಉತ್ತರ ಸಿಕ್ಕ ಮೇಲೆ "ಥ್ಯಾಂಕ್ಸ್, ಸರಿಹೋಯ್ತು" ಎಂದಷ್ಟೇ ಬರೆದು ಮಾಯವಾಗಬೇಡಿ. ಏನು ಮಾಡಿದ್ದಕ್ಕೆ ಸರಿಹೋಯಿತು ಎಂದೂ ಬರೆಯಿರಿ. ನಾಳೆ ಅದೇ ಗುಂಡಿಗೆ ಬೀಳುವವರು ಹುಡುಕಿಕೊಂಡು ಅಲ್ಲಿಗೇ ಬರುತ್ತಾರೆ.

ನಾನು ಕನ್ನಡ ಮೀಡಿಯಂ. ಇಂಗ್ಲಿಷಿನಲ್ಲಿ ಕೇಳಲು ಮುಜುಗರ.

ಕನ್ನಡದಲ್ಲೇ ಕೇಳಿ. ಕನ್ನಡ ಬಲ್ಲ ಇಬ್ಬರು ಗುಂಪಿನಲ್ಲಿದ್ದರೆ ಸಾಕು. ಪಾರಿಭಾಷಿಕ ಪದ ಇಂಗ್ಲಿಷಿನದೇ ಇರಲಿ, ನಡುವಿನ ತರ್ಕ ಕನ್ನಡದಲ್ಲಿ ಹರಿಯಲಿ: "ಈ ಮ್ಯಾಟ್ರಿಕ್ಸ್‌ನ ಡಿಟರ್ಮಿನೆಂಟ್ ಸೊನ್ನೆ ಅಂದ್ಮೇಲೆ ಇನ್ವರ್ಸ್ ಎಲ್ಲಿಂದ ಬರುತ್ತೆ?" ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಬೆಂಗಳೂರಿನ ಆಫೀಸುಗಳಲ್ಲಿ ಇಂಜಿನಿಯರುಗಳು ಮಾತಾಡುವುದೂ ಹೀಗೇ. ಎನ್‌ಪಿಟೆಲ್‌ನ ಹಲವು ಕೋರ್ಸುಗಳ ಪಾಠದ ಪಠ್ಯ ಕನ್ನಡಕ್ಕೂ ಅನುವಾದವಾಗಿದೆ. ವಿಡಿಯೋದಲ್ಲಿ ಅರ್ಥವಾಗದ್ದನ್ನು ಅಲ್ಲಿ ನೋಡಬಹುದು.

ಮಾತು ಕನ್ನಡದಲ್ಲಿ ನಡೆದರೂ ಕೊನೆಯ ಉತ್ತರವನ್ನು ಪರೀಕ್ಷೆಯ ಭಾಷೆಯಲ್ಲಿ ಒಮ್ಮೆ ಬರೆದು, ಗುಂಪಿನವರಿಗೆ ತೋರಿಸಿ. ತೆಲುಗು, ತಮಿಳು, ಹಿಂದಿಯವರು ಸೇರಿದ ಗುಂಪಾದರೆ ಯಾರಾದರೂ ಆಗಾಗ "ಇಲ್ಲಿಯವರೆಗೆ ಏನಾಯಿತು" ಎಂದು ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಹೇಳಿ. ಅವರು ಬರೀ ಕೂತು ನೋಡುವಂತಾಗಬಾರದು.

ಗುಂಪಿನಲ್ಲಿ ನಲವತ್ತೈದು ವರ್ಷದವರೊಬ್ಬರಿದ್ದಾರೆ. ಅವರ ತಪ್ಪು ತೋರಿಸಲು ಸಂಕೋಚ.

ಆನ್‌ಲೈನ್ ಡಿಗ್ರಿಗಳಲ್ಲಿ ಇದು ದಿನದ ಮಾತು. ಹತ್ತೊಂಬತ್ತರ ಹುಡುಗಿ, ಅವಳ ಅಪ್ಪನ ವಯಸ್ಸಿನವರು ಒಂದೇ ಅಸೈನ್‌ಮೆಂಟ್ ಮಾಡುತ್ತಿರುತ್ತಾರೆ. "ಸರ್" ಅನ್ನುತ್ತಲೇ ತಪ್ಪು ತೋರಿಸಬಹುದು. "ಸರ್, ಮೂರನೇ ಸಾಲಿನಿಂದ ನಾಲ್ಕನೆಯದಕ್ಕೆ ಹೇಗೆ ಬಂದಿರಿ? ನನಗೆ ಗೊತ್ತಾಗಲಿಲ್ಲ" ಎಂದರೆ ಸಾಕು. ಅವರು ವಿವರಿಸಲು ಹೋದಾಗ ತಪ್ಪು ಅವರಿಗೇ ಸಿಗುತ್ತದೆ. ಇಲ್ಲವೇ ತಪ್ಪು ನಿಮ್ಮದೇ ಎಂದು ಗೊತ್ತಾಗುತ್ತದೆ, ಅದೂ ಲಾಭವೇ.

ಹಿರಿಯರಿಗೂ ಒಂದು ಮಾತು. ಮೊದಲ ದಿನವೇ "ತಪ್ಪಿದ್ದರೆ ಹೇಳ್ರಪ್ಪಾ, ನಾನು ಕಾಲೇಜು ಬಿಟ್ಟು ಇಪ್ಪತ್ತು ವರ್ಷ ಆಯ್ತು" ಎಂದುಬಿಡಿ. ಗುಂಪು ಹಗುರವಾಗುತ್ತದೆ. ನಿಮ್ಮ ಆಫೀಸಿನ ಅನುಭವ ಪ್ರಾಜೆಕ್ಟ್ ಹೊತ್ತಿಗೆ ಎಲ್ಲರಿಗೂ ಬೇಕಾಗುತ್ತದೆ.

ಒಬ್ಬನೇ ಮಾತಾಡುತ್ತಾನೆ. ಇನ್ನೊಬ್ಬಳು ಬಾಯಿಯೇ ಬಿಡುವುದಿಲ್ಲ. ಏನು ಮಾಡುವುದು?

ಅಮೆರಿಕದ ಸಂಶೋಧಕಿ ಅನಿತಾ ವುಲ್ಲಿ ಮತ್ತು ಸಂಗಡಿಗರು 2010ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಸಣ್ಣ ಗುಂಪುಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಗುಂಪಿನಲ್ಲಿ ಅತಿ ಬುದ್ಧಿವಂತರಾದವರು ಇದ್ದಾರಾ ಎಂಬುದಕ್ಕಿಂತ, ಮಾತು ಎಲ್ಲರಿಗೂ ಹಂಚಿಹೋಗುತ್ತದಾ ಎಂಬುದೇ ಗುಂಪಿನ ಕೆಲಸವನ್ನು ಹೆಚ್ಚು ನಿರ್ಧರಿಸುತ್ತಿತ್ತು. ಆದ್ದರಿಂದ ವಾಚಾಳಿಗೆ ಒಂದು ಕೆಲಸ ಕೊಡಿ: ಇವತ್ತು ನೀನು ಬರೀ ಪ್ರಶ್ನೆ ಕೇಳಬೇಕು. ಸುಮ್ಮನಿರುವವರನ್ನು ಎಲ್ಲರೆದುರು "ನೀವೂ ಏನಾದರೂ ಹೇಳಿ" ಎಂದು ಒತ್ತಾಯಿಸಬೇಡಿ. ಅವರು ಚಾಟ್‌ನಲ್ಲಿ ಬರೆಯಲಿ. ಇಲ್ಲವೇ ಮುಂದಿನ ವಾರದ ಒಂದು ಲೆಕ್ಕ ಅವರದೇ ಎಂದು ಮೊದಲೇ ಹೇಳಿಡಿ.

ವಾರಗಟ್ಟಲೆ ಏನೂ ಮಾಡದೆ ಉತ್ತರಕ್ಕೆ ಮಾತ್ರ ಬರುವವರ ಕಥೆ ಬೇರೆ. ಒಮ್ಮೆ ನೇರವಾಗಿ, ಖಾಸಗಿಯಾಗಿ ಕೇಳಿ. ಮನೆಯಲ್ಲಿ ಕಾಯಿಲೆ, ಆಫೀಸಿನಲ್ಲಿ ರಿಲೀಸ್, ಏನಾದರೂ ಇರಬಹುದು. ಏನೂ ಇಲ್ಲದಿದ್ದರೆ ಬೀಳ್ಕೊಡಿ. ಸಂಕೋಚಕ್ಕೆ ಇಟ್ಟುಕೊಂಡರೆ ಉಳಿದವರೂ ಖಾಲಿ ಕೈಯಲ್ಲಿ ಬರಲು ಶುರುಮಾಡುತ್ತಾರೆ.

ಉತ್ತರದ ಬಗ್ಗೆ ಇಬ್ಬರೂ ಪಟ್ಟು ಹಿಡಿದು ಕೂತರೆ?

ಜಾಗ ಅದಲು ಬದಲು ಮಾಡಿಸಿ. ಅವನ ವಾದವನ್ನು ಅವಳು ಹೇಳಲಿ, ಅವಳದನ್ನು ಅವನು. ಆಮೇಲೂ ಬಗೆಹರಿಯದಿದ್ದರೆ ಸಣ್ಣ ಸಂಖ್ಯೆ ಹಾಕಿ ನೋಡಿ, ಅಥವಾ ಕೋಡ್ ಓಡಿಸಿ. ವೋಟು ಹಾಕಿ ತೀರ್ಮಾನಿಸಬೇಡಿ. ಗಣಿತದಲ್ಲಿ ಬಹುಮತಕ್ಕೆ ಬೆಲೆ ಇಲ್ಲ.

ಗುಂಪು ಪ್ರಾಜೆಕ್ಟ್‌ನಲ್ಲಿ ಕೆಲಸ ಹೇಗೆ ಹಂಚಿಕೊಳ್ಳುವುದು?

ನೀನು ಡೇಟಾಬೇಸ್, ನೀನು ವೆಬ್ ಪೇಜ್, ನೀನು ರಿಪೋರ್ಟ್ ಎಂದು ಹಂಚಿ, ಕೊನೆಯ ವಾರ ಜೋಡಿಸಲು ಕೂರುವುದು ಎಲ್ಲರೂ ಮಾಡುವ ಕ್ರಮ. ಆಗ ಒಂದೂ ಇನ್ನೊಂದಕ್ಕೆ ಹೊಂದುವುದಿಲ್ಲ. ಮೊದಲ ವಾರವೇ, ಎಷ್ಟೇ ಬಡಕಲಾಗಿರಲಿ, ಎಲ್ಲ ಭಾಗಗಳೂ ಜೋಡಿಸಿ ಓಡುವ ಒಂದು ಸಣ್ಣ ರೂಪ ಮಾಡಿಕೊಳ್ಳಿ. ಆಮೇಲೆ ಅದನ್ನೇ ಬೆಳೆಸಿ.

ಫೈಲಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಎಂಬ ಸಾಧನ ಕಲಿಯಿರಿ. ಎರಡು ಸಂಜೆ ಹಾಳಾಗುತ್ತದೆ, ಆದರೆ "ಫೈನಲ್", "ಫೈನಲ್ 2", "ನಿಜವಾದ ಫೈನಲ್" ಎಂಬ ಫೈಲುಗಳಿಂದ ಬಿಡುಗಡೆ. ಯಾರು ಯಾವಾಗ ಏನು ಮಾಡಿದರು ಎಂಬುದೂ ಅದರಲ್ಲಿ ಉಳಿಯುತ್ತದೆ, ಮಾರ್ಕಿನ ಜಗಳಕ್ಕೆ ಅದೇ ಸಾಕ್ಷಿ. ಬ್ರೌಸರಿನಲ್ಲೇ ಕೋಡ್ ಬರೆದು ಓಡಿಸುವ ಗೂಗಲ್ ಕೋಲ್ಯಾಬ್‌ನಲ್ಲಿ ಒಂದೇ ನೋಟ್‌ಬುಕ್ಕನ್ನು ಇಬ್ಬರು ಒಂದೇ ಹೊತ್ತಿಗೆ ತಿದ್ದಿದರೆ ಒಬ್ಬರ ಬದಲಾವಣೆ ಅಳಿಸಿಹೋಗಬಹುದು. ಒಬ್ಬೊಬ್ಬರೂ ತಮ್ಮದೇ ಕಾಪಿ ಮಾಡಿಕೊಂಡು ಕೆಲಸ ಮಾಡಿ.

ವೈವಾ (ಮೌಖಿಕ ಪರೀಕ್ಷೆ) ಇದ್ದರೆ ಪರಸ್ಪರರ ಭಾಗದ ಮೇಲೆ ಪ್ರಶ್ನೆ ಕೇಳಿಕೊಳ್ಳಿ. ರಿಪೋರ್ಟ್ ಬರೆದವರನ್ನು ಡೇಟಾಬೇಸ್ ಬಗ್ಗೆ ಕೇಳಿದಾಗ "ಅದು ನನ್ನ ಫ್ರೆಂಡ್ ಮಾಡಿದ್ದು" ಎಂದರೆ ಯಾರೂ ಒಪ್ಪುವುದಿಲ್ಲ.

ಯಾವ ಆ್ಯಪ್ ಬಳಸಬೇಕು?

ಯಾವುದಾದರೂ. ಉಚಿತ ಗೂಗಲ್ ಮೀಟ್‌ನಲ್ಲಿ ಮೂರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷದ ಮಿತಿ, ಉಚಿತ ಝೂಮ್‌ನಲ್ಲಿ 40. ಮಿತಿ ಇರುವುದೇ ಒಳ್ಳೆಯದು, ಹರಟೆ ಕಡಿಮೆಯಾಗುತ್ತದೆ. ಗೂಗಲ್‌ನ ಆನ್‌ಲೈನ್ ವೈಟ್‌ಬೋರ್ಡ್ ಜಾಮ್‌ಬೋರ್ಡ್ 2024ರ ಕೊನೆಗೆ ನಿಂತುಹೋಯಿತು. ಎಕ್ಸ್‌ಕ್ಯಾಲಿಡ್ರಾ ಥರದ ಉಚಿತ ವೈಟ್‌ಬೋರ್ಡ್‌ಗಳಿವೆ. ಟಚ್ ಪೆನ್ ಇಲ್ಲದಿದ್ದರೆ ಎರಡು ರಾಶಿ ದಪ್ಪ ಪುಸ್ತಕಗಳ ನಡುವೆ ಫೋನನ್ನು ಅಡ್ಡ ಇಟ್ಟು, ಕೆಳಗೆ ಹಾಳೆಯ ಮೇಲೆ ಬರೆಯಿರಿ. ಮೌಸ್‌ನಲ್ಲಿ ಸಿಗ್ಮಾ ಬರೆಯುವ ಸರ್ಕಸ್ಸಿಗಿಂತ ಇದು ಎಷ್ಟೋ ಮೇಲು.

ಮಳೆಗಾಲದಲ್ಲಿ ಕರೆಂಟು, ವೈಫೈ ಎರಡೂ ಒಟ್ಟಿಗೆ ಹೋಗುತ್ತವೆ. ಮೊಬೈಲ್ ಡೇಟಾದಲ್ಲಿ ಬರೀ ಧ್ವನಿಯಿಂದ ಸೇರಿಕೊಳ್ಳಬಹುದು ಎಂದು ಮೊದಲೇ ಮಾತಾಡಿಕೊಂಡಿರಿ.

ಕ್ಯಾಮೆರಾ ಆನ್ ಇಡಲೇಬೇಕಾ?

ಬೇಡ. ಪಿಜಿಯಲ್ಲಿ ಹಿಂದೆ ರೂಮ್‌ಮೇಟ್ ಮಲಗಿರುತ್ತಾರೆ. ಕಾಗದ ಕಾಣಿಸಿದರೆ ಸಾಕು, ಮುಖ ಬೇಡ.

ಫೋನ್ ನಂಬರ್ ಎಲ್ಲರಿಗೂ ಸಿಗುವುದು ನನಗೆ ಇಷ್ಟವಿಲ್ಲ.

ಹೆಣ್ಣುಮಕ್ಕಳು ಹೆಚ್ಚಾಗಿ ಕೇಳುವ ಪ್ರಶ್ನೆ ಇದು, ಕೇಳಬೇಕಾದದ್ದೇ. ವಾಟ್ಸಾಪ್ ಗ್ರೂಪಿನಲ್ಲಿ ನಿಮ್ಮ ನಂಬರ್ ಉಳಿದ ಸದಸ್ಯರಿಗೆ ಕಾಣುತ್ತದೆ. ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನಲ್ಲಿ ಯೂಸರ್‌ನೇಮ್ ಸಾಕು. ಟೆಲಿಗ್ರಾಂನಲ್ಲಿ ಸೆಟಿಂಗ್ಸ್‌ನಲ್ಲಿ ನಂಬರ್ ಮುಚ್ಚಿಡಬಹುದು. ಅಪರಿಚಿತರ ದೊಡ್ಡ ಗುಂಪಿಗೆ ಇವೇ ವಾಸಿ. ಓದಿನ ನೆಪದಲ್ಲಿ ರಾತ್ರಿ ಮೆಸೇಜ್ ಮಾಡುವವರನ್ನು ಬ್ಲಾಕ್ ಮಾಡಿ, ಗುಂಪಿನ ಅಡ್ಮಿನ್‌ಗೂ ಹೇಳಿ. ವಿವರಣೆ ಕೊಡುವ ಸಾಲ ನಿಮಗಿಲ್ಲ.

ಎಐ ಕ್ಷಣದಲ್ಲಿ ಉತ್ತರ ಕೊಡುತ್ತದೆ. ಇನ್ನು ಗುಂಪು ಯಾಕೆ?

ಕ್ಷಣದಲ್ಲಿ ಕೊಡುವುದೇ ತೊಂದರೆ. ಪೀಣ್ಯದ ಲೆಕ್ಕದಲ್ಲಿ ಶೇ 5 ಎಂದವನು ಎಐ ಕೇಳಿದ್ದರೆ 62.5 ಎಂಬ ಉತ್ತರ ಹಂತಹಂತವಾಗಿ ಬಂದುಬಿಡುತ್ತಿತ್ತು. ತನ್ನ 5 ಯಾಕೆ ತಪ್ಪು ಎಂದು ಅವನು ಯೋಚಿಸುತ್ತಲೇ ಇರಲಿಲ್ಲ. ಮುಂದಿನ ಲೆಕ್ಕದಲ್ಲೂ ಅದೇ ತಪ್ಪು ಮಾಡುತ್ತಿದ್ದ.

ಆದರೂ ರಾತ್ರಿ ಎರಡಕ್ಕೆ ಗೆಳೆಯರು ಎದ್ದಿರುವುದಿಲ್ಲ, ಅದು ಎದ್ದಿರುತ್ತದೆ. ಕೋರ್ಸಿನ ನಿಯಮ ಒಪ್ಪಿದರೆ, "ಉತ್ತರ ಹೇಳಬೇಡ, ನಾನು ಬರೆದದ್ದರಲ್ಲಿ ಮೊದಲ ತಪ್ಪು ಎಲ್ಲಿದೆ ಎಂದು ಮಾತ್ರ ಹೇಳು" ಎಂದು ಕೇಳಿ. ಅದು ಹೇಳಿದ್ದನ್ನು ಗುಂಪಿಗೆ ತಂದು ಒರೆಗೆ ಹಚ್ಚಿ. ತಪ್ಪನ್ನೂ ಅದು ಅಷ್ಟೇ ಧೈರ್ಯವಾಗಿ ಹೇಳುತ್ತದೆ. ಅದರ ತಪ್ಪು ಹಿಡಿಯುವುದೇ ಗುಂಪಿಗೆ ಒಳ್ಳೆಯ ಆಟ.

ಅರ್ಧಂಬರ್ಧ ಯೋಚನೆ ಹೇಳಲು ನಾಚಿಕೆಯಾಗುತ್ತದೆ.

ಗಣಿತದ ಅತಿ ದೊಡ್ಡ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕ ಪಡೆದಿದ್ದ ಗಣಿತಜ್ಞ ಟಿಮ್ ಗವರ್ಸ್, 2009ರ ಜನವರಿಯಲ್ಲಿ ಒಂದು ಕಠಿಣ ಸಮಸ್ಯೆಯನ್ನು ಇಂಟರ್ನೆಟ್ಟಿನಲ್ಲಿ ಎಲ್ಲರ ಮುಂದಿಟ್ಟು, ಬನ್ನಿ ಒಟ್ಟಿಗೆ ಬಿಡಿಸೋಣ ಎಂದು ಕರೆದರು. ಪೂರ್ತಿ ಪಕ್ವವಾದ ವಾದ ತರಬೇಕಿಲ್ಲ, ಸಣ್ಣ ಸಣ್ಣ ಯೋಚನೆ ತಕ್ಷಣ ಬರೆಯಿರಿ ಎಂಬುದು ಅಲ್ಲಿನ ನಿಯಮ. ದೊಡ್ಡ ಪ್ರೊಫೆಸರುಗಳು ಎಲ್ಲರೆದುರೇ ತಪ್ಪು ದಾರಿ ಹಿಡಿದರು, ತಿದ್ದಿಸಿಕೊಂಡರು. ಎರಡು ತಿಂಗಳೊಳಗೆ ಮುಖ್ಯ ಸಮಸ್ಯೆ ಬಗೆಹರಿಯಿತು. ಪ್ರಬಂಧವನ್ನು ಪಾಲಿಮ್ಯಾತ್ ಎಂಬ ಒಂದೇ ಹೆಸರಿನಲ್ಲಿ ಪ್ರಕಟಿಸಿದರು. ಅವರಿಗಿಲ್ಲದ ನಾಚಿಕೆ ನಮಗೇಕೆ?

ಪರೀಕ್ಷೆ ಹತ್ತಿರ ಬಂತು. ಈಗ ಗುಂಪಿನಲ್ಲಿ ಏನು ಮಾಡಬೇಕು?

ಹೊಸ ಪಾಠ ಬೇಡ. ಒಬ್ಬೊಬ್ಬರು ಎರಡೆರಡು ಪ್ರಶ್ನೆ ತಯಾರಿಸಿ. ಎಲ್ಲವನ್ನೂ ಸೇರಿಸಿ ಒಂದು ಪತ್ರಿಕೆ ಮಾಡಿ. ಗಡಿಯಾರ ಇಟ್ಟುಕೊಂಡು, ಮೀಟ್ ಆನ್ ಇಟ್ಟು, ಮಾತಿಲ್ಲದೆ ಬರೆಯಿರಿ. ಆಮೇಲೆ ಪತ್ರಿಕೆ ಬದಲಾಯಿಸಿಕೊಂಡು ಮಾರ್ಕು ಹಾಕಿ. ಪ್ರಶ್ನೆ ತಯಾರಿಸುವಾಗ ಪಾಠ ಎಷ್ಟು ಅರ್ಥವಾಗಿದೆ ಎಂಬುದು ಬಯಲಾಗುತ್ತದೆ. ತಪ್ಪು ಆಯ್ಕೆಗಳನ್ನು ನಂಬುವ ಹಾಗೆ ಬರೆಯುವುದು ಸರಿ ಉತ್ತರ ಬರೆಯುವುದಕ್ಕಿಂತ ಕಷ್ಟ.

ಹಿಂದಿನ ದಿನ ಗ್ರೂಪನ್ನು ಮ್ಯೂಟ್ ಮಾಡಿ. "ಎಂಟನೇ ವಾರದ್ದು ಬರುತ್ತಾ?" ಎಂಬ ಮೆಸೇಜು ರಾತ್ರಿ ಹನ್ನೆರಡಕ್ಕೆ ಬರುತ್ತದೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಹಾಲ್ ಟಿಕೆಟಿನ ಪ್ರಿಂಟ್, ಅಸಲಿ ಗುರುತಿನ ಚೀಟಿ ತೆಗೆದಿಡಿ. ಸೆಂಟರು ಊರಾಚೆ ಬಿದ್ದಿದ್ದರೆ ಗುಂಪಿನಲ್ಲಿ ಅದೇ ಕಡೆ ಹೋಗುವವರು ಯಾರು ಎಂದು ಕೇಳಿ, ಕ್ಯಾಬ್ ಹಂಚಿಕೊಳ್ಳಿ. ದಾರಿಯಲ್ಲಿ ಸೂತ್ರ ಕೇಳುವವರನ್ನು ಡ್ರೈವರ್ ಪಕ್ಕದ ಸೀಟಿಗೆ ಕಳಿಸಿ.